ಬಾಸ್ಕ್ ವಿಕಿಪೀಡಿಯ

ಬಾಸ್ಕ್ ಭಾಷೆಯಲ್ಲಿ ಸ್ವಯಂಸೇವಕರು ಬರೆದು, ತಿದ್ದಿ, ಬೆಳೆಸುತ್ತಿರುವ ಮುಕ್ತ ಅಂತರಜಾಲ ವಿಶ್ವಕೋಶ. 2001ರ ಡಿಸೆಂಬರ್ 6ರಂದು ಇದು ಆರಂಭವಾದಾಗ ಇಂಗ್ಲಿಷ್ ವಿಕಿಪೀಡಿಯಕ್ಕೇ ಇನ್ನೂ ವರ್ಷ ತುಂಬಿರಲಿಲ್ಲ. 2011ರಲ್ಲಿ ಒಂದು ಲಕ್ಷ ಲೇಖನಗಳನ್ನು ತಲುಪಿದ ಈ ವಿಶ್ವಕೋಶದಲ್ಲಿ ಈಗ ನಾಲ್ಕು ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಹತ್ತು ಲಕ್ಷಕ್ಕಿಂತ ಕಡಿಮೆ ಮಾತುಗಾರರಿರುವ ಭಾಷೆಯೊಂದು ಇಷ್ಟು ದೊಡ್ಡ ಜ್ಞಾನಭಂಡಾರವನ್ನು ಕಟ್ಟಿಕೊಂಡದ್ದು ಗಮನಾರ್ಹ. ಭಾಷೆಯ ಏಕರೂಪ, ಶಾಲೆ, ಪತ್ರಿಕೆ, ವಿಶ್ವವಿದ್ಯಾಲಯಗಳಿಗಾಗಿ ಬಾಸ್ಕ್ ಜನ ಅರ್ಧ ಶತಮಾನ ನಡೆಸಿದ ದುಡಿಮೆಯೇ ಇದರ ಬುನಾದಿ.

ಭಾಷೆಯ ಹಿನ್ನೆಲೆ

ಬಾಸ್ಕ್ ಜನ ತಮ್ಮ ನುಡಿಯನ್ನು ಎವುಸ್ಕರಾ ಎಂದು ಕರೆಯುತ್ತಾರೆ. ಬಿಸ್ಕೆ ಕೊಲ್ಲಿಯ ದಂಡೆಯಿಂದ ಪಿರನೀಸ್ ಪರ್ವತಗಳ ಪಶ್ಚಿಮದ ಅಂಚಿನವರೆಗೆ, ಸ್ಪೇನಿನ ನಾಲ್ಕು ಮತ್ತು ಫ್ರಾನ್ಸಿನ ಮೂರು ಐತಿಹಾಸಿಕ ಪ್ರಾಂತಗಳಲ್ಲಿ ಇದರ ನೆಲೆ. ಸುತ್ತಲಿನ ಭಾಷೆಗಳೆಲ್ಲ ಇಂಡೋ-ಯುರೋಪಿಯನ್ ಕುಟುಂಬದವು. ಬಾಸ್ಕ್‌ಗೆ ಮಾತ್ರ ಜೀವಂತ ಭಾಷೆಗಳ ಪೈಕಿ ಯಾವುದರೊಂದಿಗೂ ನಂಟು ಸಾಬೀತಾಗಿಲ್ಲ. 2016ರ ಸಮೀಕ್ಷೆಯ ಪ್ರಕಾರ 16 ವರ್ಷ ಮೇಲ್ಪಟ್ಟವರಲ್ಲಿ ಇದನ್ನು ಚೆನ್ನಾಗಿ ಬಲ್ಲವರು 7,51,500 ಮಂದಿ, ಅಂದರೆ ಆ ವಯಸ್ಸಿನ ಜನಸಂಖ್ಯೆಯ ಶೇ. 28.4ರಷ್ಟು. ಇವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸ್ಪ್ಯಾನಿಷ್ ಅಥವಾ ಫ್ರೆಂಚ್ ಬರುತ್ತದೆ. ಬೇಕಾದ ಮಾಹಿತಿ ಆ ಭಾಷೆಗಳಲ್ಲಿ ಕೈಗೆಟುಕುವಂತಿರುವಾಗಲೂ ಅದನ್ನು ತಮ್ಮ ನುಡಿಯಲ್ಲಿ ಬರೆದಿಡಲು ಹೊರಟವರು ಬಾಸ್ಕ್ ವಿಕಿಪೀಡಿಯದ ಲೇಖಕರು.

ಬೆರ್ನಾತ್ ಎಚೆಪಾರೆಯ ಕವಿತೆಗಳ ಸಂಗ್ರಹ ಬಾಸ್ಕ್‌ನ ಮೊದಲ ಮುದ್ರಿತ ಪುಸ್ತಕವಾಗಿ 1545ರಲ್ಲಿ ಹೊರಬಂದರೂ, ಆಡಳಿತ, ವಿಜ್ಞಾನ, ಉನ್ನತ ಶಿಕ್ಷಣಗಳಲ್ಲಿ ಈ ಭಾಷೆಗೆ ಶತಮಾನಗಳ ಕಾಲ ಜಾಗ ಸಿಗಲಿಲ್ಲ. ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರ (1939–1975) ಅದನ್ನು ಶಾಲೆಗಳಿಂದಲೂ ಸಾರ್ವಜನಿಕ ಬದುಕಿನಿಂದಲೂ ದೂರವಿಟ್ಟಿತು. ಅದೇ ಆಡಳಿತದ ಕೊನೆಯ ದಶಕಗಳಲ್ಲಿ ಜನರ ಪ್ರತಿಕ್ರಿಯೆ ಗಟ್ಟಿಗೊಂಡಿತು. ಪೋಷಕರು ಒಟ್ಟುಗೂಡಿ ಇಕಾಸ್ತೋಲ ಎಂಬ ಬಾಸ್ಕ್ ಮಾಧ್ಯಮದ ಶಾಲೆಗಳನ್ನು ತೆರೆದರು. 1968ರಲ್ಲಿ ಅರಾಂತ್ಸಾಸುವಿನಲ್ಲಿ ಸೇರಿದ ಬಾಸ್ಕ್ ಭಾಷಾ ಅಕಾಡೆಮಿ, ಭಾಷಾವಿಜ್ಞಾನಿ ಕೋಲ್ದೊ ಮಿಚೆಲೆನಾ ಅವರ ಮಾರ್ಗದರ್ಶನದಲ್ಲಿ ಹಲವು ಉಪಭಾಷೆಗಳ ಮೇಲೆ ಒಂದು ಏಕರೂಪದ ಬರಹದ ಭಾಷೆಯನ್ನು ನಿಲ್ಲಿಸುವ ದಾರಿ ಹಾಕಿತು. ವಿಜ್ಞಾನವನ್ನು ಬಾಸ್ಕ್‌ನಲ್ಲಿ ಹೇಳಲು 1972ರಲ್ಲಿ ಎಲುಯಾರ್ ಸಂಸ್ಥೆ ಹುಟ್ಟಿತು; ಮರುವರ್ಷ ಬಾಸ್ಕ್ ಬೇಸಿಗೆ ವಿಶ್ವವಿದ್ಯಾಲಯ ಶುರುವಾಯಿತು. 1979ರ ಸ್ವಾಯತ್ತತೆಯ ಶಾಸನ ಮತ್ತು 1982ರ ಭಾಷಾ ಕಾಯ್ದೆಯ ಬಳಿಕ ಸ್ವಾಯತ್ತ ಬಾಸ್ಕ್ ಪ್ರದೇಶದ ಸರ್ಕಾರಿ ಶಾಲೆಗಳಲ್ಲೂ ಬಾಸ್ಕ್ ಬೋಧನ ಮಾಧ್ಯಮವಾಯಿತು. ತಾಯ್ನುಡಿಯಲ್ಲೇ ಭೌತಶಾಸ್ತ್ರ, ಇತಿಹಾಸ ಓದಿದ ಒಂದು ತಲೆಮಾರು ಬೆಳೆದು ನಿಂತ ಹೊತ್ತಿಗೆ ಅಂತರಜಾಲ ಬಂದಿತು.

ಬೆಳವಣಿಗೆ

ಮೊದಲ ವರ್ಷಗಳಲ್ಲಿ ಕೆಲಸ ನಿಧಾನವಾಗಿತ್ತು. ಬರೆಯುವವರು ಕೆಲವರೇ; ಬಹಳಷ್ಟು ಲೇಖನಗಳು ಎರಡು ಮೂರು ವಾಕ್ಯಗಳ ಚುಟುಕುಗಳು. ವೇಗ ಹೆಚ್ಚಲು ಒಂದು ಕಾರಣ ಬಾಟ್‌ಗಳು, ಅಂದರೆ ದತ್ತಾಂಶದ ಪಟ್ಟಿಯನ್ನು ಓದಿ ಒಂದೇ ಮಾದರಿಯ ಲೇಖನಗಳನ್ನು ಸಾಲಾಗಿ ರಚಿಸುವ ಕ್ರಮವಿಧಿಗಳು. ಊರುಗಳು, ಕ್ಷುದ್ರಗ್ರಹಗಳಂಥ ವಿಷಯಗಳಲ್ಲಿ ಈ ವಿಧಾನ ಲೇಖನಗಳ ಸಂಖ್ಯೆಯನ್ನು ಏರಿಸಿತು. ಇಂಥ ಪುಟಗಳಲ್ಲಿ ಓದಲು ಸಿಗುವುದು ಕಡಿಮೆ. ಹಾಗಾಗಿ ಒಟ್ಟು ಸಂಖ್ಯೆಯೊಂದನ್ನೇ ಈ ವಿಶ್ವಕೋಶದ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ.

ವಿಕಿಡೇಟಾದ ಬಳಕೆ ಇನ್ನೊಂದು ಕಾರಣ. ವಿಕಿಪೀಡಿಯದ ಎಲ್ಲ ಭಾಷೆಗಳೂ ಹಂಚಿಕೊಳ್ಳುವ ಈ ದತ್ತಾಂಶ ಕಣಜವನ್ನು ಬಾಸ್ಕ್ ಸಂಪಾದಕರು ವ್ಯಾಪಕವಾಗಿ ದುಡಿಸಿಕೊಂಡರು. ವ್ಯಕ್ತಿಯೊಬ್ಬರ ಹುಟ್ಟಿದ ದಿನ, ಊರು, ವೃತ್ತಿ, ಪ್ರಶಸ್ತಿಗಳು ಪುಟದ ಬದಿಯ ಮಾಹಿತಿ ಚೌಕಕ್ಕೆ ಅಲ್ಲಿಂದ ತಾವಾಗಿಯೇ ಬಂದು ಕೂರುತ್ತವೆ. ಹೊಸ ವಿವರವನ್ನು ಯಾವ ದೇಶದವರು ಸೇರಿಸಿದರೂ ಬಾಸ್ಕ್ ಪುಟಕ್ಕೆ ಅದು ಬರುತ್ತದೆ. ಕೈಗಳು ಕಡಿಮೆ ಇರುವ ಸಮುದಾಯಕ್ಕೆ ಇದು ದೊಡ್ಡ ಉಳಿತಾಯ. ಉಳಿದ ಸಮಯವನ್ನು ಲೇಖನದ ಒಡಲು ಬರೆಯಲು ಬಳಸಬಹುದು. ಸ್ವಯಂಸೇವಕರು ಬಾಸ್ಕ್ ವಿಕಿಪೀಡಿಯನ್ನರ ಸಾಂಸ್ಕೃತಿಕ ಸಂಘವನ್ನು ಕಟ್ಟಿಕೊಂಡ ಮೇಲೆ ಸರ್ಕಾರ, ವಿಶ್ವವಿದ್ಯಾಲಯಗಳೊಡನೆ ಒಪ್ಪಂದ ಮಾಡಿಕೊಂಡು ಯೋಜನೆಗಳನ್ನು ನಡೆಸಲು ಅವರಿಗೊಂದು ನೆಲೆ ಸಿಕ್ಕಿತು.

ಮುಕ್ತ ಪರವಾನಗಿಯ ಕೊಡುಗೆ

ಅಂತರಜಾಲಕ್ಕೆ ಮುಂಚೆಯೇ ಬಾಸ್ಕ್‌ನಲ್ಲಿ ಮುದ್ರಿತ ವಿಶ್ವಕೋಶಗಳು ಬಂದಿದ್ದವು. ಅವುಗಳಲ್ಲಿ ಒಂದಾದ ಲುರ್ ವಿಶ್ವಕೋಶ ನಿಘಂಟಿನ ಹಕ್ಕುಗಳು ಬಾಸ್ಕ್ ಸರ್ಕಾರದ ಕೈಯಲ್ಲಿದ್ದವು. ಸರ್ಕಾರ ಅದನ್ನೂ ಅದರ ವಿಷಯವಾರು ಸಂಪುಟಗಳನ್ನೂ ತನ್ನ ಮುಕ್ತ ದತ್ತಾಂಶ ಯೋಜನೆಯ ಮೂಲಕ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪ್ರಕಟಿಸಿತು. ಮೂಲದ ಹೆಸರನ್ನು ಉಲ್ಲೇಖಿಸಿ ಯಾರು ಬೇಕಾದರೂ ಅದನ್ನು ಮರುಬಳಕೆ ಮಾಡಬಹುದೆಂಬುದು ಷರತ್ತು. 2011ರ ಡಿಸೆಂಬರ್ ಅಂತ್ಯದಲ್ಲಿ ಅದರ ಬರಹಗಳು ಬಾಸ್ಕ್ ವಿಕಿಪೀಡಿಯವನ್ನು ಸೇರಿದವು. ಯಾವ ಪುಟದ ಯಾವ ಭಾಗ ಅಲ್ಲಿಂದ ಬಂದಿದೆ ಎಂಬ ಸೂಚನೆ ಇಂದಿಗೂ ಆ ಪುಟಗಳ ಅಡಿಯಲ್ಲಿದೆ. ಸಾರ್ವಜನಿಕ ಹಣದಲ್ಲಿ ಸಿದ್ಧವಾದ ಆಕರ ಗ್ರಂಥವನ್ನು ಸಾರ್ವಜನಿಕರಿಗೇ ಮರಳಿಸಿದರೆ ಎಷ್ಟು ವರ್ಷಗಳ ಶ್ರಮ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1919ರಲ್ಲಿ ಆರಂಭವಾದ ‘ಅರ್ಗಿಯಾ’ ಪತ್ರಿಕೆಯೂ ತನ್ನ ಬರಹಗಳನ್ನು ಇಂಥದೇ ಮುಕ್ತ ಪರವಾನಗಿಯಡಿ ಹೊರತರುತ್ತದೆ.

ಶಾಲೆ ಮತ್ತು ವಿಶ್ವವಿದ್ಯಾಲಯ

2017ರಲ್ಲಿ ಆರಂಭವಾದ ಶಿಕ್ಷಣ ಕಾರ್ಯಕ್ರಮ ಈ ವಿಶ್ವಕೋಶದ ದಿಕ್ಕನ್ನು ಗುಣಮಟ್ಟದ ಕಡೆಗೆ ತಿರುಗಿಸಿತು. ಪ್ರೌಢಶಾಲೆಯ ಮಕ್ಕಳಿಗೆ ಪಾಠಕ್ಕೆ ಬೇಕಾಗುವ ಸುಮಾರು ಸಾವಿರ ವಿಷಯಗಳನ್ನು ಪಟ್ಟಿ ಮಾಡಿ, ಆ ಲೇಖನಗಳನ್ನು ಸಮಗ್ರವೂ ನಂಬಲರ್ಹವೂ ಆಗಿಸುವುದು ಅದರ ಗುರಿ. ಬರೆಯುವ ಹೊಣೆಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಪಾಲು ಪಡೆದರು. ಅಧ್ಯಾಪಕರೊಬ್ಬರೇ ಓದಿ ಅಂಕ ಕೊಟ್ಟು ಬದಿಗಿಡುತ್ತಿದ್ದ ಪ್ರಬಂಧದ ಜಾಗದಲ್ಲಿ, ಕಿರಿಯರು ನಿಜವಾಗಿ ಓದುವ ಲೇಖನವನ್ನು ಅವರು ಬರೆಯತೊಡಗಿದರು. 2019ರ ಏಪ್ರಿಲ್‌ನಲ್ಲಿ ವಿಕಿಮೀಡಿಯ ಮತ್ತು ಶಿಕ್ಷಣ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಬಾಸ್ಕ್ ನಾಡಿನ ದೊನೋಸ್ತಿಯಾ (ಸಾನ್ ಸೆಬಾಸ್ಟಿಯನ್) ನಗರದಲ್ಲಿ ನಡೆಯಿತು.

2018ರಲ್ಲಿ ‘ಚಿಕಿಪೀಡಿಯ’ ಸೇರಿಕೊಂಡಿತು. ಇದು 8ರಿಂದ 13 ವರ್ಷದ ಮಕ್ಕಳಿಗಾಗಿ ಸರಳ ಭಾಷೆಯಲ್ಲಿ ಬರೆದ ಲೇಖನಗಳ ವಿಭಾಗ. ಇದನ್ನು ಪ್ರತ್ಯೇಕ ತಾಣವಾಗಿಸದೆ ಮುಖ್ಯ ವಿಶ್ವಕೋಶದ ಒಳಗೇ ಇರಿಸಲಾಗಿದೆ. ಹೀಗಾಗಿ ಒಂದೇ ವಿಷಯದ ಮಕ್ಕಳ ಪುಟದಿಂದ ದೊಡ್ಡವರ ಪುಟಕ್ಕೆ ಓದುಗರು ಸಲೀಸಾಗಿ ದಾಟಬಹುದು. ಪಠ್ಯವಿಷಯಗಳನ್ನು ಚಿಕ್ಕ ವಿಡಿಯೊಗಳಲ್ಲಿ ವಿವರಿಸುವ ‘ಇಕುಸ್ಗೆಲ’ ಎಂಬ ಯೋಜನೆಯೂ ಬಾಸ್ಕ್ ವಿಕಿಪೀಡಿಯನ್ನರ ಸಂಘದ್ದು.

ಭಾಷಾ ತಂತ್ರಜ್ಞಾನ

ಬಾಸ್ಕ್ ವಿಕಿಪೀಡಿಯವೂ ಭಾಷಾ ತಂತ್ರಜ್ಞಾನವೂ ಒಂದನ್ನೊಂದು ಬೆಳೆಸಿವೆ. ಬಾಸ್ಕ್‌ನಲ್ಲಿ ಕನ್ನಡದಂತೆಯೇ ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಹತ್ತುತ್ತವೆ, ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಹಾಗಾಗಿ ಸ್ಪ್ಯಾನಿಷ್‌ನಿಂದ ಬಾಸ್ಕ್‌ಗೆ ಯಂತ್ರಾನುವಾದ ಮಾಡುವುದು ಸುಲಭವಲ್ಲ. ಬಾಸ್ಕ್ ವಿಶ್ವವಿದ್ಯಾಲಯದ ಸಂಶೋಧಕರು ನಿಯಮಾಧಾರಿತ ‘ಮಾಚಿನ್’ ಅನುವಾದ ವ್ಯವಸ್ಥೆಯಿಂದ ಗಣಕ ವಿಜ್ಞಾನದ 100 ಸ್ಪ್ಯಾನಿಷ್ ಲೇಖನಗಳನ್ನು ಅನುವಾದಿಸಿ ಸ್ವಯಂಸೇವಕರ ಮುಂದಿಟ್ಟರು. ಸ್ವಯಂಸೇವಕರು ಸುಮಾರು 50,000 ಪದಗಳಷ್ಟು ಪಠ್ಯವನ್ನು ತಿದ್ದಿದರು. ಲೇಖನಗಳು ವಿಶ್ವಕೋಶಕ್ಕೆ ಸೇರಿದವು. ತಿದ್ದುಪಡಿಗಳ ದಾಖಲೆಯಿಂದ ಅನುವಾದ ವ್ಯವಸ್ಥೆಯ ನಿಖರತೆ ಶೇ. 10ರ ಆಸುಪಾಸಿನಲ್ಲಿ ಸುಧಾರಿಸಿತು. 2020ರಲ್ಲಿ ಹೊರಬಂದ ‘ಬರ್ಟೆಯುಸ್’ ಎಂಬ ಬಾಸ್ಕ್ ಭಾಷಾ ಮಾದರಿಗೆ ತರಬೇತಿ ನೀಡಿದ್ದು ಸುದ್ದಿ ಬರಹಗಳ ಜೊತೆಗೆ ಈ ವಿಶ್ವಕೋಶದ ಪಠ್ಯದಿಂದ.

ಮಿತಿ ಮತ್ತು ಮಹತ್ವ

ಚುಟುಕು ಲೇಖನಗಳು ಇಂದಿಗೂ ಸಾಕಷ್ಟಿವೆ. ಸದಾ ತೊಡಗಿಕೊಂಡಿರುವ ಸಂಪಾದಕರ ಬಳಗ ಲೇಖನಗಳ ಸಂಖ್ಯೆಗೆ ಹೋಲಿಸಿದರೆ ಚಿಕ್ಕದು. ಹಳತಾದ ಮಾಹಿತಿಯನ್ನು ಪರಿಷ್ಕರಿಸುವುದು ಅವರಿಗೆ ಮುಗಿಯದ ಕೆಲಸ. ಅನುವಾದವನ್ನೇ ನೆಚ್ಚಿದರೆ ಸ್ಪ್ಯಾನಿಷ್ ಅಥವಾ ಇಂಗ್ಲಿಷ್ ಲೇಖಕರ ದೃಷ್ಟಿಯೂ ಪಠ್ಯದೊಂದಿಗೆ ಬರುತ್ತದೆ. ಬಾಸ್ಕ್ ನಾಡಿನ ಊರು, ವ್ಯಕ್ತಿ, ಕಲೆ, ಇತಿಹಾಸಗಳ ಬಗೆಗಿನ ಸ್ವತಂತ್ರ ಬರಹ ಇದಕ್ಕೆ ಬೇಕಾದ ಸಮತೋಲನ.

ಸಣ್ಣ ಭಾಷೆಗಳಿಗೆ ಬಾಸ್ಕ್ ವಿಕಿಪೀಡಿಯ ಸ್ಪಷ್ಟವಾದ ಪಾಠ ಕಲಿಸುತ್ತದೆ. ಸ್ವಯಂಸೇವಕರ ಉತ್ಸಾಹ ಅಗತ್ಯವಾದರೂ ಅಷ್ಟೇ ಸಾಲದು. ಭಾಷೆಯಲ್ಲಿ ಕಲಿಸುವ ಶಾಲೆ, ಪಾರಿಭಾಷಿಕ ಪದಗಳನ್ನು ರೂಪಿಸುವ ಸಂಸ್ಥೆಗಳು, ತನ್ನ ಗ್ರಂಥಗಳನ್ನು ಮುಕ್ತವಾಗಿಸುವ ಸರ್ಕಾರ, ವಿಶ್ವಕೋಶ ಬರವಣಿಗೆಯನ್ನು ಪಠ್ಯದ ಭಾಗವಾಗಿಸುವ ವಿಶ್ವವಿದ್ಯಾಲಯ ಜೊತೆಗೂಡಿದಾಗ ಆ ಉತ್ಸಾಹ ನೆಲೆ ಕಾಣುತ್ತದೆ. ಶಾಲೆಯ ಮಗುವಿನಿಂದ ಭಾಷಾ ಮಾದರಿಯವರೆಗೆ ಎಲ್ಲರೂ ಇಲ್ಲಿಂದಲೇ ಕಲಿಯುತ್ತಿರುವುದರಿಂದ, ಹೊಸ ಲೇಖನ ಸೇರಿಸುವಷ್ಟೇ ಮುಖ್ಯವಾದ ಕೆಲಸ ಇರುವ ಲೇಖನದ ತಪ್ಪನ್ನು ತಿದ್ದುವುದು.