ಗಾಡಿ ಒಲೆ: ಬೇಯಿಸುವ ನಾಡಿನ ಬಯಲಡುಗೆ

ನೆಲವನ್ನು ಉದ್ದಕ್ಕೆ ತೋಡಿ, ಒಳಗೆ ಕೊರಡುಗಳನ್ನು ಮಲಗಿಸಿ, ಎರಡು ಅಂಚುಗಳ ಮೇಲೆ ಹಂಡೆ ಕೊಪ್ಪರಿಗೆಗಳನ್ನು ಸಾಲಾಗಿ ಕೂರಿಸುವ ಗಾಡಿ ಒಲೆಯನ್ನು ಮನೆಯೊಲೆಯ ಒರಟು ಪೂರ್ವಜ ಎಂದೇ ಬಹುಮಂದಿ ಎಣಿಸುತ್ತಾರೆ. ಮದುವೆಯ ಚಪ್ಪರದ ಹಿಂದೆಯೋ ಜಾತ್ರೆಯ ಬಯಲಿನಲ್ಲೋ ಬೇರೆ ಗತಿಯಿಲ್ಲದೆ ಮಾಡಿಕೊಂಡ ಏರ್ಪಾಟು ಅದು ಎಂಬುದು ಅವರ ನಂಬಿಕೆ. ನನಗೆ ಹಾಗೆ ತೋರುವುದಿಲ್ಲ. ನೂರಾರು ಜನಕ್ಕೆ ಒಂದೇ ಹೊತ್ತಿನಲ್ಲಿ ನೀರಿನಲ್ಲಿ ಬೇಯಿಸಿದ ಅಡುಗೆ ಆಗಬೇಕಾದ ನಾಡು ತನ್ನ ಅಗತ್ಯಕ್ಕೆ ತಕ್ಕಂತೆ ರೂಪಿಸಿಕೊಂಡ ಸ್ವತಂತ್ರ ತಂತ್ರ ಅದು. ಇದಕ್ಕೆ ಪುರಾವೆಯನ್ನು ಪುಸ್ತಕಗಳಲ್ಲಿ ಹುಡುಕಿದರೆ ಹೆಚ್ಚೇನೂ ಸಿಗದು. ಚಾವುಂಡರಾಯನ ‘ಲೋಕೋಪಕಾರ’ವಾಗಲಿ, 12ನೆಯ ಶತಮಾನದ ‘ಮಾನಸೋಲ್ಲಾಸ’ವಾಗಲಿ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ ಅಡುಗೆಯ ಬಗ್ಗೆ ಹೇಳುವುದು ತಿನಿಸುಗಳ ಪಾಕವನ್ನು, ಊರೂಟದ ಒಲೆ ಅವುಗಳ ವಿಷಯವಲ್ಲ. ಉಂಡೆದ್ದ ಮೇಲೆ ಮಣ್ಣು ಮುಚ್ಚಿಹೋಗುವ ಒಲೆ ಕಟ್ಟಡದಂತೆ ಕುರುಹನ್ನೂ ಉಳಿಸುವುದಿಲ್ಲ. ಹಾಗಾಗಿ ಅದರ ಚರಿತ್ರೆಯನ್ನು ಕಾಳು, ಪಾತ್ರೆ ಮತ್ತು ಒಲೆಯ ಆಕಾರದಿಂದಲೇ ಕಟ್ಟಿಕೊಳ್ಳಬೇಕು.

ಕಾಳಿನಿಂದಲೇ ತೊಡಗಬಹುದು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಉಂಡದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ ಎಂದು ಅಲ್ಲಿ ದೊರೆತ ಸುಟ್ಟ ಕಾಳುಗಳು ಹೇಳುತ್ತವೆ. ಇವುಗಳನ್ನು ಅಭ್ಯಾಸ ಮಾಡಿದ ಪುರಾತತ್ವಜ್ಞ ಡೋರಿಯನ್ ಫುಲ್ಲರ್, ಪಶ್ಚಿಮ ಏಷ್ಯಾದ ಹಿಟ್ಟು ಬೀಸಿ ರೊಟ್ಟಿ ಸುಡುವ ಪರಂಪರೆಗೂ ಮಡಕೆಯಲ್ಲಿ ಬೇಯಿಸುವ ಪರಂಪರೆಗೂ ಇರುವ ಅಂತರವನ್ನು ಎತ್ತಿ ತೋರಿಸಿದ್ದಾರೆ. ಸಂಗನಕಲ್ಲಿನಲ್ಲೂ ಬೀಸುವ ಕಲ್ಲುಗಳು ಸಿಕ್ಕಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಸಿಕ್ಕಿವೆ, ನಿಜ. ಆದರೆ ಬೀಸಿದ ಹಿಟ್ಟೆಲ್ಲ ರೊಟ್ಟಿಯೇ ಆಗಬೇಕಿಲ್ಲ. ಅಂಬಲಿಯೂ ಹಿಟ್ಟಿನದೇ, ಅದು ಕುದಿಯುವುದೂ ಗಡಿಗೆಯಲ್ಲೇ. ರೊಟ್ಟಿ ಸುಡುವವರೂ ನೆಲ ತೋಡಿದ್ದಾರೆ: ನೆಲದಲ್ಲಿ ಹೂತ ತಂದೂರ್ ಅದಕ್ಕೆ ಸಾಕ್ಷಿ. ಅಲ್ಲಿ ಗುಂಡಿಯ ಗೋಡೆಯೇ ಕಾದು ರೊಟ್ಟಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಗುಂಡಿ ಉರಿಯನ್ನು ಗಾಳಿಯಿಂದ ಕಾಪಾಡಿ ಪಾತ್ರೆಯ ತಳಕ್ಕೆ ಒಪ್ಪಿಸುತ್ತದೆ. ತೋಡುವ ಕೈಗೆ ಕೆಲಸ ಒಂದೇ ಆದರೂ ಏನನ್ನು ಉಣ್ಣುತ್ತೇವೆ ಎಂಬುದರಿಂದ ಒಲೆಯ ರೂಪ ಬೇರೆಯಾಯಿತು.

ಗಾಡಿ ಒಲೆಯ ಜಾಣ್ಮೆ ಇರುವುದು ಅದರ ಅಗಲದಲ್ಲಿ. ಪಾತ್ರೆಯ ಹೊಟ್ಟೆಗಿಂತ ಕಿರಿದಾಗಿ ತೋಡಿದರೆ ಗುಂಡುತಳದ ಹಂಡೆ ಎರಡೂ ಅಂಚಿಗೆ ಒರಗಿ ಅಲುಗದೆ ನಿಲ್ಲುತ್ತದೆ; ಮೂರು ಗುಂಡುಕಲ್ಲು ಹೊಂದಿಸುವ ಗೋಜಿಲ್ಲ. ಕೊರಡುಗಳನ್ನು ಸೀಳದೆ ಇಡಿಯಾಗಿಯೇ ಒಟ್ಟಬಹುದು. ಅನ್ನಕ್ಕೆ ಜೋರು ಉರಿ ಬೇಕಾದ ಕಡೆ ಸೌದೆ ತಳ್ಳಿ, ಸಾರು ಮರಳಬೇಕಾದ ಕಡೆ ಬರಿಯ ಕೆಂಡ ಉಳಿಸಿದರೆ ಒಂದೇ ಒಲೆಯಲ್ಲಿ ಹಲವು ಬಗೆಯ ಕಾವು ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ಕುದಿಯುವ ಕೊಪ್ಪರಿಗೆಯನ್ನು ಸೊಂಟದ ಮಟ್ಟದಿಂದ ಇಳಿಸುವುದು ಜೀವಕ್ಕೇ ಅಪಾಯ. ನೆಲದ ಮಟ್ಟದಲ್ಲಿದ್ದರೆ ಕಡಗಳಿಗೆ ಬೊಂಬು ತೂರಿಸಿ ಇಬ್ಬರು ಗೇಣೆತ್ತರ ಎತ್ತಿ ಪಕ್ಕಕ್ಕಿಟ್ಟು ಗಂಜಿ ಬಸಿಯಬಹುದು. ಇದಕ್ಕೆ ಬಾಣಸಿಗರ ಬೆನ್ನೂ ಕಣ್ಣೂ ತೆತ್ತ ಬೆಲೆ ಸಣ್ಣದಲ್ಲ. ದಿನವಿಡೀ ಬಗ್ಗಿ, ಹೊಗೆಯಲ್ಲಿ ನಿಂತು ಊರಿಗೆ ಉಣಿಸಿದವರ ಹೆಸರನ್ನು ನಾವು ಎಲ್ಲೂ ಬರೆದಿಡಲಿಲ್ಲ ಎಂಬ ನೋವು ನನಗಿದೆ.

ಬೇರೆ ದಾರಿ ಗೊತ್ತಿಲ್ಲದವರ ಉಪಾಯ ಇದು ಎನ್ನುವವರು ಬ್ರಿಟಿಷ್ ಸೇನೆಯತ್ತ ನೋಡಬಹುದು. ಕ್ರಿಮಿಯಾ ಯುದ್ಧಕಾಲದಲ್ಲಿ, 1855ರಲ್ಲಿ, ಬಾಣಸಿಗ ಅಲೆಕ್ಸಿಸ್ ಸೋಯರ್ ಅದಕ್ಕಾಗಿ ಕಬ್ಬಿಣದ ಒಲೆಯನ್ನು ರೂಪಿಸಿಕೊಟ್ಟಿದ್ದ. ಆ ಮೇಲೂ ಅದೇ ಸೇನೆ ತನ್ನ ಅಡುಗೆಯವರಿಗೆ ಕಂದಕದ ಒಲೆ ತೋಡುವುದನ್ನು ಕಲಿಸಿತು: ಬಾಯಿ ಗಾಳಿ ಬರುವ ದಿಕ್ಕಿಗೆ, ಅಲ್ಲಿ ಆಳ, ಹಿಂದಕ್ಕೆ ಹೋದಂತೆ ಮೇಲೇರುವ ತಳ, ತುದಿಯಲ್ಲಿ ಹುಲ್ಲುಹೆಂಟೆಯ ಹೊಗೆಗೂಡು. ಕಾರ್ಖಾನೆಗಳಿದ್ದ ದೇಶಕ್ಕೂ ಬಯಲಿನಲ್ಲಿ ಗುದ್ದಲಿಯೇ ಬೇಕಾಯಿತು. ಸೌದೆ ಹೆಚ್ಚು ತಿನ್ನುತ್ತದೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ತೆರೆದ ಒಲೆಯ ಕಾವು ಪಾತ್ರೆಗಳ ನಡುವಿನ ಸಂದಿನಿಂದ ಸೋರಿಹೋಗುವುದನ್ನು ಅಲ್ಲಗಳೆಯಲಾಗದು. ಆದರೂ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಒಂದೇ ಉರಿಯ ಬಿಸಿಗಾಳಿ ಸಾಲಾಗಿ ಮೂರು ಪಾತ್ರೆಗಳ ಅಡಿಯಲ್ಲಿ ಹಾದು ಚಿಮಣಿ ಸೇರುತ್ತದೆ. ಒಂದು ಉರಿಗೆ ಹಲವು ಪಾತ್ರೆ ಎಂಬ ಹಳೆಯ ಕ್ರಮವನ್ನು ಅದು ಕೈಬಿಡಲಿಲ್ಲ. ಸೋರುವ ದಾರಿಗಳನ್ನು ಮುಚ್ಚಿತು.

ಸೌದೆ ದುಬಾರಿಯಾಗಿ ಗ್ಯಾಸ್ ಬಂದದ್ದು ಗಾಡಿ ಒಲೆಯನ್ನು ಅಳಿಸಿತು ಎನ್ನುವುದು ಅರ್ಧ ನಿಜ. ಮದುವೆಗಳು ಅಂಗಳದಿಂದ ಕಲ್ಯಾಣಮಂಟಪಕ್ಕೆ ಹೋದಾಗ ತೋಡಲು ಮಣ್ಣೇ ಇಲ್ಲವಾಯಿತು. ಗುಂಡುತಳದ ತಾಮ್ರದ ಹಂಡೆಯ ಜಾಗಕ್ಕೆ ಚಪ್ಪಟೆತಳದ ಅಲ್ಯೂಮಿನಿಯಂ ಪಾತ್ರೆ ಬಂತು. ನೆಲದ ಒಲೆಯ ಕಾಲವೇ ಮುಗಿದಿದ್ದರೆ ಮಂಡ್ಯ ಸೀಮೆಯ ಆಲೆಮನೆಗಳಲ್ಲೂ ಅದು ಅಳಿಯಬೇಕಿತ್ತು. ಅಲ್ಲಿ ಕಬ್ಬಿನ ಹಾಲು ಬೆಲ್ಲವಾಗುವುದು ಇಂದಿಗೂ ನೆಲದ ಮಟ್ಟದ ಕೊಪ್ಪರಿಗೆಯಲ್ಲಿ, ಅದರ ಅಡಿಯ ಗುಂಡಿಯ ಉರಿಯಲ್ಲಿ. ಉರುವಲು ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ. ಆಲೆಮನೆಯಲ್ಲಿ ಉರುವಲನ್ನು ಕೊಳ್ಳಬೇಕಾಗಿಲ್ಲ, ನೆಲ ಇನ್ನೂ ನೆಲವಾಗಿಯೇ ಇದೆ, ಕುದಿಯುವ ಪಾಕವನ್ನು ಮೇಲಿನಿಂದ ಇಳಿಸುವಂತಿಲ್ಲ.