ಉದ್ರಿ ಹೊಳೆಯ ದಂಡೆಯಲ್ಲಿ ಒಂದು ಹಗಲು

(ರಾಜ್ಯೋತ್ಸವದ ಸಂದರ್ಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



‘ಛಾಯಾಚಿತ್ರ ಮತ್ತು ಚರಿತ್ರೆ’ ಎಂಬ ವಿಷಯವಾಗಿ ಮಾತನಾಡಬೇಕೆಂದು ಸಂಘದವರು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಅದಕ್ಕಾಗಿ ಒಂದು ಪ್ರಬಂಧವನ್ನೂ ಸಿದ್ಧಪಡಿಸಿದ್ದೆವು. ಆದರೆ ಕಳೆದ ತಿಂಗಳು ಸ್ಟ್ರೀಟ್ಸ್‌ವಿಲ್‌ನಲ್ಲಿ ಕಳೆದ ಒಂದು ಹಗಲು ಆ ಪ್ರಬಂಧವನ್ನು ಬದಿಗಿಡುವಂತೆ ಮಾಡಿತು. ಇಂದು ನಾವು ಹೇಳಲಿರುವುದು ಆ ಹಗಲಿನ ಕಥೆ. ಚರಿತ್ರೆ ಅದರೊಳಗೇ ಬರುತ್ತದೆ.

ನಾವು ಇಳಿದುಕೊಂಡಿರುವ ಮನೆಯ ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ನಮ್ಮನ್ನು ಕ್ವೀನ್ ಸ್ಟ್ರೀಟಿನಲ್ಲಿ ಇಳಿಸಿ, “ಮಾವ, ಸಂಜೆ ಐದಕ್ಕೆ ಇಲ್ಲೇ ಇರಿ” ಎಂದು ಹೇಳಿ ಹೊರಟಳು. ಕೈಯಲ್ಲಿದ್ದುದು ನಮ್ಮ ಹಳೆಯ ಫಿಲ್ಮ್ ಕ್ಯಾಮೆರಾ, ಅದರಲ್ಲಿ 36 ಚಿತ್ರಗಳ ಒಂದೇ ರೀಲು. ಬೀದಿಯ ಚಿತ್ರ ತೆಗೆಯುವುದಕ್ಕೆ ಹೆಸರಿನಲ್ಲೇ ಬೀದಿಯಿರುವ ಊರು ಯೋಗ್ಯವಾದುದೆಂದು ಭಾವಿಸಿದ್ದೆವು. ಅದು ನಮ್ಮ ಅಜ್ಞಾನ. ಈ ‘ಸ್ಟ್ರೀಟ್’ ಬೀದಿಯಲ್ಲ, ಒಬ್ಬ ಮನುಷ್ಯ. ಟಿಮೊಥಿ ಸ್ಟ್ರೀಟ್ ಎಂಬಾತ 1819ರಲ್ಲಿ ಈ ಭಾಗದ ಭೂಮಾಪನಕ್ಕೆ ಹಣ ಹೂಡಿ, ಪ್ರತಿಫಲವಾಗಿ ಭೂಮಿಯನ್ನು ಪಡೆದು, ಹೊಳೆಯ ದಂಡೆಯಲ್ಲಿ ಗಿರಣಿಗಳನ್ನು ಕಟ್ಟಿಸಿದ. ಊರು 1858ರಲ್ಲಿ ಗ್ರಾಮವಾಯಿತು, 1962ರಲ್ಲಿ ಪಟ್ಟಣವಾಯಿತು, 1974ರಲ್ಲಿ ಮಿಸಿಸಾಗಾ ನಗರದೊಳಗೆ ಸೇರಿಹೋಯಿತು. ಹಾಗೆ ಸೇರಬಾರದೆಂದು ಹೋರಾಡಿದ ಮೇಯರ್ ಹೇಜಲ್ ಮೆಕ್ಯಾಲಿಯನ್ ಅವರೇ 1978ರಿಂದ 2014ರವರೆಗೆ ಅದೇ ಮಿಸಿಸಾಗಾದ ಮೇಯರ್ ಆಗಿದ್ದುದು ನಿಮಗೆಲ್ಲ ತಿಳಿದ ಸಂಗತಿ.

ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಯುದ್ಧಸ್ಮಾರಕದ ಬಳಿ ಕುಳಿತ ಮುದುಕ, ಮಗುವಿನ ಗಾಡಿ ತಳ್ಳುವ ತಾಯಿ, ಅಂಗಡಿಯ ಮುಂದೆ ಪೊರಕೆ ಹಿಡಿದು ಮೇಪಲ್ ಎಲೆಗಳನ್ನು ಗುಡಿಸುವ ಒಬ್ಬಾತ, ಹೀಗೆ ಹತ್ತಾರು ಚಿತ್ರಗಳನ್ನು ತೆಗೆದೆವು. ಯಾರನ್ನೂ ಕೇಳಲಿಲ್ಲ. ಕೇಳಿದೊಡನೆ ಮುಖದ ಸಹಜತೆ ಮಾಯವಾಗುತ್ತದೆ ಎಂಬುದು ಈ ಕಸುಬಿನವರ ಹಳೆಯ ಸಮರ್ಥನೆ. ನಾವೂ ಅದನ್ನೇ ನಂಬಿ ಬಂದವರು. ಆದರೂ ಒಂದು ಅಳುಕು ಇದ್ದೇ ಇತ್ತು. ಮಾಂಟ್ರಿಯಲ್ಲಿನಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದ 17 ವರ್ಷದ ಹುಡುಗಿಯೊಬ್ಬಳ ಚಿತ್ರವನ್ನು ಅನುಮತಿಯಿಲ್ಲದೆ ಪತ್ರಿಕೆಯಲ್ಲಿ ಅಚ್ಚುಹಾಕಿದ್ದಕ್ಕಾಗಿ ಆಕೆಗೆ 2,000 ಡಾಲರ್ ಪರಿಹಾರ ಸಲ್ಲಬೇಕೆಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ತೀರ್ಪಿತ್ತಿತು. ಅದು ಕ್ವಿಬೆಕ್ ಪ್ರಾಂತದ ಕಾನೂನನ್ನು ಆಧರಿಸಿದ ತೀರ್ಪು, ನಿಜ. ಆದರೆ ಅಳುಕಿಗೆ ಪ್ರಾಂತದ ಗಡಿ ತಿಳಿಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಳೆಯ ದಂಡೆಗೆ ಇಳಿದೆವು. ಕ್ರೆಡಿಟ್ ನದಿ. ನಮ್ಮ ಹಳ್ಳಿಯ ಕಿರಾಣಿ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಇದು ‘ಉದ್ರಿ ಹೊಳೆ’. ಫ್ರೆಂಚ್ ವ್ಯಾಪಾರಿಗಳು ಚಳಿಗಾಲಕ್ಕೆ ಮುನ್ನ ಇಲ್ಲಿನ ಮಿಸಿಸಾಗಾ ಮೂಲನಿವಾಸಿಗಳಿಗೆ ಸಾಮಾನನ್ನು ಉದ್ರಿಯಾಗಿ ಕೊಡುತ್ತಿದ್ದರು. ವಸಂತದಲ್ಲಿ ಅವರು ತುಪ್ಪಟದ ಚರ್ಮಗಳನ್ನು ತಂದು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಆ ಜನ ತಮ್ಮ ಭಾಷೆಯಲ್ಲಿ ಹೊಳೆಯನ್ನು ‘ಮಿಸಿನ್ನಿಹೆ’ ಎಂದು ಕರೆದರು. ನಂಬಿಕೆಯ ಹೊಳೆ ಎಂದು ಅದರ ಅರ್ಥ. ನಂಬಿಕೆ ಎರಡು ಕಡೆಯಿಂದಲೂ ನಡೆಯಲಿಲ್ಲವೆಂಬುದನ್ನು ಚರಿತ್ರೆ ಹೇಳುತ್ತದೆ. 1818ರ ಅಕ್ಟೋಬರ್ 28ರಂದು ಮುಖ್ಯಸ್ಥ ಅಜೆಟಾನ್ಸ್ ಮೊದಲಾದವರು 6,48,000 ಎಕರೆ ಭೂಮಿಯನ್ನು ವರ್ಷಕ್ಕೆ 522 ಪೌಂಡ್ 10 ಷಿಲಿಂಗ್ ಬೆಲೆಯ ಸಾಮಾನಿಗೆ ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಮರುವರ್ಷ ಅದೇ ನೆಲದ ಮೇಲೆ ಸ್ಟ್ರೀಟನ ಅಳತೆಯ ಸರಪಳಿ ಹರಿದಾಡಿತು.

ಈ ಹೊಳೆಯ ಜನರಲ್ಲಿ ಒಬ್ಬರು ಛಾಯಾಚಿತ್ರದ ಚರಿತ್ರೆಗೂ ಸೇರಿದವರು. ಅವರು ಪೀಟರ್ ಜೋನ್ಸ್, ಜನ್ಮಭಾಷೆಯಲ್ಲಿ ಕಹಕೆವಾಕ್ವೊನಬಿ. ತಂದೆ ವೆಲ್ಷ್ ಮೂಲದ ಭೂಮಾಪಕ, ತಾಯಿ ಮಿಸಿಸಾಗಾ. 1802ರಲ್ಲಿ ಹುಟ್ಟಿದ ಇವರು ಪಾದ್ರಿಯಾಗಿ, 1826ರಲ್ಲಿ ಇದೇ ಹೊಳೆಯ ಕೆಳದಂಡೆಯಲ್ಲಿ ತಮ್ಮವರಿಗಾಗಿ ಸುಮಾರು 20 ಮರದ ಮನೆಗಳ ಗ್ರಾಮವೊಂದು ಏಳುವುದಕ್ಕೆ ಮುಂದಾಳಾದರು. 1845ರಲ್ಲಿ ಶಾಲೆಗಾಗಿ ಹಣ ಸಂಗ್ರಹಿಸಲು ಬ್ರಿಟನ್ನಿಗೆ ಹೋದರು. ಆ ವರ್ಷದ ಆಗಸ್ಟ್ 4ರಂದು ಎಡಿನ್‌ಬರೋದಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್‌ಸನ್ ಅವರು ಜೋನ್ಸರ ಚಿತ್ರ ತೆಗೆದರು. ಉತ್ತರ ಅಮೆರಿಕದ ಮೂಲನಿವಾಸಿಯೊಬ್ಬರ ಛಾಯಾಚಿತ್ರಗಳಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯವು ಇವೇ ಎಂದು ವಿದ್ವಾಂಸರ ಅಭಿಪ್ರಾಯ. ಪ್ರಸಿದ್ಧವಾದ ಚಿತ್ರದಲ್ಲಿ ಅವರು ತಮ್ಮ ಜನಾಂಗದ ಉಡುಪಿನಲ್ಲಿದ್ದಾರೆ. ಆ ಉಡುಪನ್ನು ತೊಟ್ಟು ಸಭೆಗಳ ಮುಂದೆ ನಿಲ್ಲುವುದು ಅವರಿಗೆ ಬೇಸರ ತರುತ್ತಿತ್ತು. ಜನ ನೋಡಲು ಬರುತ್ತಿದ್ದುದು ಉಡುಪನ್ನು, ಹಣ ಬೇಕಾಗಿದ್ದುದು ಶಾಲೆಗೆ. ಆ ಶಾಲೆಗಳನ್ನು ತಮ್ಮವರೇ ನಡೆಸಬೇಕೆಂಬುದು ಅವರ ಆಸೆಯಾಗಿತ್ತು. ಅದು ಬೇರೆಯವರ ಕೈಗೆ ಹೋಗಿ ಏನಾಯಿತೆಂಬುದು ಈ ದೇಶದ ದುಃಖದ ಅಧ್ಯಾಯ. ವಿದೇಶದಲ್ಲಿ ಮೈಸೂರು ಪೇಟ ಧರಿಸಿ ಸಭೆಯಲ್ಲಿ ನಿಂತ ಅನುಭವವುಳ್ಳವರು ಈ ಚಿತ್ರವನ್ನು ಒಮ್ಮೆ ನೋಡಬೇಕು.

ಇಂಥದೇ ಪ್ರಶ್ನೆ ಟೊರಾಂಟೋದಲ್ಲಿಯೂ ಎದ್ದುದುಂಟು. 1911ರಲ್ಲಿ ನಗರದ ಅಧಿಕೃತ ಛಾಯಾಗ್ರಾಹಕರಾಗಿ ನೇಮಕವಾದ ಆರ್ಥರ್ ಗಾಸ್ ಅವರು, ಆರೋಗ್ಯಾಧಿಕಾರಿ ಡಾ. ಚಾರ್ಲ್ಸ್ ಹೇಸ್ಟಿಂಗ್ಸ್ ಅವರ ಕೋರಿಕೆಯಂತೆ ‘ದಿ ವಾರ್ಡ್’ ಎಂಬ ವಲಸಿಗರ ಕೇರಿಯ ಹಿತ್ತಿಲು, ಚರಂಡಿ, ಕತ್ತಲೆಯ ಕೋಣೆಗಳನ್ನು ಚಿತ್ರಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಆ ಚಿತ್ರಗಳಲ್ಲಿರುವ ಅನೇಕ ತಾಯಂದಿರ, ಮಕ್ಕಳ ಹೆಸರು ಎಲ್ಲೂ ದಾಖಲಾಗಿಲ್ಲ. ಆ ಕೇರಿಯ ಒಂದು ಭಾಗದ ಮೇಲೆ ಇಂದು ನಗರಸಭೆಯ ಭವನ ನಿಂತಿದೆ. ನಮ್ಮವರಾದ ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನೂ ಇಲ್ಲಿ ನೆನೆಯಬೇಕು. ದಿನನಿತ್ಯದ ಸಾಮಾನ್ಯ ಜನರನ್ನೇ ಬದುಕಿನುದ್ದಕ್ಕೂ ಚಿತ್ರಿಸಿದ ಅವರ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ನಿಮಿತ್ತ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಅವರ ಚಿತ್ರಗಳಲ್ಲಿ ಬಡವರು ಕನಿಕರಕ್ಕಾಗಿ ಕೈಚಾಚುವುದಿಲ್ಲ. ತಮ್ಮ ಕೆಲಸದಲ್ಲಿ ತಾವಿರುತ್ತಾರೆ. ನಮಗೆ ಅದು ಎಲ್ಲಕ್ಕಿಂತ ದೊಡ್ಡ ಗುಣವಾಗಿ ಕಾಣುತ್ತದೆ.

ಈಗ ನಮ್ಮ ಕಥೆಗೆ ಬರೋಣ. ಮೂರೂವರೆಯ ಹೊತ್ತಿಗೆ ಮತ್ತೆ ಕ್ವೀನ್ ಸ್ಟ್ರೀಟಿಗೆ ಬಂದೆವು. 36 ಮುಗಿದಿದ್ದರೂ ಇನ್ನೊಂದಿರಲೆಂಬ ಆಸೆಯಿಂದ ಕ್ಯಾಮೆರಾದ ಸನ್ನೆಯನ್ನು ಬಲವಾಗಿ ಎಳೆದೆವು. ಒಳಗೆ ಟಪ್ಪೆಂದು ಸದ್ದಾಯಿತು. ರೀಲು ತನ್ನ ಸುರುಳಿಯಿಂದ ಕಿತ್ತುಬಂದಿತ್ತು. ಹಿಂದಕ್ಕೆ ಸುತ್ತಲು ಸಾಧ್ಯವಿಲ್ಲ, ಮುಚ್ಚಳ ತೆರೆದರೆ ಹಗಲೆಲ್ಲ ಬೆಳಕಿಗೆ ಬಲಿ. ಗಾಢವಾದ ಕತ್ತಲೆ ಬೇಕು, ಹತ್ತು ನಿಮಿಷದ ಮಟ್ಟಿಗೆ. ಪೇಟೆಯ ನಡುವೆ ಕತ್ತಲೆಯನ್ನು ಎಲ್ಲಿಂದ ತರುವುದು? ಪಾದಚಾರಿ ದಾರಿಯಲ್ಲಿ ನಿಂತು ಒದ್ದಾಡುತ್ತಿದ್ದ ನಮ್ಮನ್ನು ಕಂಡು ಕ್ಷೌರದಂಗಡಿಯ ಯಜಮಾನರು ಬಾಗಿಲು ತೆರೆದರು. ಪೋರ್ಚುಗಲ್ಲಿನಿಂದ ಎಳೆಯ ಪ್ರಾಯದಲ್ಲಿ ಬಂದವರು, ಈಗ ಎಪ್ಪತ್ತು ದಾಟಿದವರು. ವಿಷಯ ಕೇಳಿ, ಹಿಂಬದಿಯಲ್ಲಿ ಟವೆಲುಗಳನ್ನಿಡುವ ಕಿಟಕಿಯಿಲ್ಲದ ಸಣ್ಣ ಕೋಣೆಯನ್ನು ತೋರಿಸಿದರು. ನಾವು ಒಳಹೊಕ್ಕ ಮೇಲೆ ಬಾಗಿಲ ಸಂದಿಗೆ ಹೊರಗಿನಿಂದ ಟವೆಲು ತುರುಕಿ, ಅಂಗಡಿಯ ದೀಪಗಳನ್ನೂ ಆರಿಸಿಬಿಟ್ಟರು. ಅರ್ಧ ತಲೆ ಕತ್ತರಿಸಿಕೊಂಡಿದ್ದ ಗಿರಾಕಿಯೊಬ್ಬರು ಆ ಮಬ್ಬಿನಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕಾದರು. ನಾವು ತಡವರಿಸುತ್ತ ರೀಲನ್ನು ಬಿಡಿಸಿ, ಜೇಬಿನಲ್ಲಿದ್ದ ಕಪ್ಪು ಡಬ್ಬಿಯೊಳಗೆ ಸುತ್ತಿಟ್ಟು ಹೊರಬಂದಾಗ ಇಬ್ಬರೂ ಚಪ್ಪಾಳೆ ತಟ್ಟಿದರು.

ಹಣ ಕೊಡಹೋದೆವು, ಒಲ್ಲೆನೆಂದರು. “ನನ್ನ ಮದುವೆಯ ಚಿತ್ರ ತೆಗೆದವನ ರೀಲೂ ಹೀಗೇ ಹಾಳಾಯಿತು. ನೆಂಟರೊಬ್ಬರು ತೆಗೆದ ಒಂದೇ ಒಂದು ಚಿತ್ರ ನಮ್ಮ ಮನೆಯಲ್ಲಿದೆ. ಅದರಲ್ಲಿ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಾಳೆ” ಎಂದರು. ಮತ್ತೆ ಕತ್ತರಿ ಹಿಡಿದರು.

ಅಂದು ರಾತ್ರಿ ಓದುತ್ತಿದ್ದಾಗ ಜೋನ್ಸರ ಗ್ರಾಮದ ಮುಂದಿನ ಕಥೆ ಸಿಕ್ಕಿತು. ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷರ ಪಕ್ಷ ವಹಿಸಿ ನ್ಯೂಯಾರ್ಕಿನ ತಮ್ಮ ನೆಲವನ್ನು ಕಳೆದುಕೊಂಡ ಸಿಕ್ಸ್ ನೇಷನ್ಸ್ ಜನರು ನೆಲೆಸಲೆಂದು 1784ರಲ್ಲಿ ಗ್ರ್ಯಾಂಡ್ ನದಿಯ ಸುತ್ತಣ ಭೂಮಿಯನ್ನು ಬಿಟ್ಟುಕೊಟ್ಟವರು ಇದೇ ಮಿಸಿಸಾಗಾ ಜನ. ಅರುವತ್ತು ವರ್ಷಗಳ ಮೇಲೆ ಕಾಲ ಮಗುಚಿತು. ಕ್ರೆಡಿಟ್ ದಂಡೆಯ ಗ್ರಾಮದ ನೆಲಕ್ಕೆ ಹಕ್ಕುಪತ್ರ ದೊರೆಯದೆ ಅವರೇ ನೆಲೆ ತಪ್ಪಿದಾಗ, ಸಿಕ್ಸ್ ನೇಷನ್ಸ್‌ನವರು ಹಳೆಯ ಉಪಕಾರವನ್ನು ನೆನೆದು ತಮ್ಮ ಭೂಮಿಯಲ್ಲಿ 4,800 ಎಕರೆಯನ್ನು ನೀಡಲು ಮುಂದಾದರು. 1847ರಲ್ಲಿ ಮಿಸಿಸಾಗಾ ಜನ ಅಲ್ಲಿಗೆ ಹೋಗಿ, ಹೊಸ ಊರಿಗೂ ಹಳೆಯ ಹೊಳೆಯ ಹೆಸರನ್ನೇ ಇಟ್ಟುಕೊಂಡರು: ನ್ಯೂ ಕ್ರೆಡಿಟ್. ಒಪ್ಪಂದದ ಕಾಗದಗಳನ್ನು ಬರೆದವರು ಮರೆತದ್ದನ್ನು ಕಾಗದವಿಲ್ಲದವರು ನೆನಪಿಟ್ಟುಕೊಂಡಿದ್ದರು.

ರೀಲನ್ನು ತೊಳೆಯಿಸಿದಾಗ ಎರಡು ಚಿತ್ರ ಮಾತ್ರ ಹಾಳಾಗಿದ್ದವು. ನಾಲ್ಕನೆಯ ಚಿತ್ರವನ್ನು ಕಂಡು ನಾವು ಬೆಚ್ಚಿದೆವು. ಬೆಳಿಗ್ಗೆ ಎಲೆ ಗುಡಿಸುತ್ತಿದ್ದ ಆ ಮನುಷ್ಯ, ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತವರು, ಅದೇ ಕ್ಷೌರಿಕರು. ಅವರು ನಮಗೆ ಬಾಗಿಲು ತೆರೆಯುವುದಕ್ಕೆ ಆರು ಗಂಟೆ ಮೊದಲೇ ನಾವು ಅವರಿಂದ ಹೇಳದೆ ಕೇಳದೆ ಒಂದನ್ನು ಪಡೆದುಕೊಂಡಾಗಿತ್ತು.

ಮೊನ್ನೆ ಆ ಚಿತ್ರದ ಪ್ರತಿಯನ್ನು ಹಿಡಿದು ಮತ್ತೆ ಹೋದೆವು. ಕೇಳದೆ ತೆಗೆದದ್ದನ್ನು ಒಪ್ಪಿಕೊಂಡು ಕ್ಷಮೆ ಬೇಡಿದೆವು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಇಷ್ಟು ವರ್ಷದಲ್ಲಿ ನನ್ನ ಬೆನ್ನನ್ನು ನಾನು ಕಂಡಿರಲಿಲ್ಲ” ಎಂದು ನಕ್ಕು, ಅದನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿದರು. ಈ ಬಾರಿ ಮುಖದ ಚಿತ್ರಕ್ಕೆ ಅನುಮತಿ ಕೇಳಿದೆವು. “ಆಗಲಿ, ಮೊದಲು ನೀವು ಕುಳಿತುಕೊಳ್ಳಿ, ನಿಮ್ಮ ತಲೆ ಬಹಳ ಬೆಳೆದಿದೆ” ಎಂದು ಕುರ್ಚಿ ತಿರುಗಿಸಿದರು. ಆ ಕ್ಷೌರದ ಹಣವನ್ನು ಮಾತ್ರ ಎಣಿಸಿ ಪೂರ್ತಿಯಾಗಿ ತೆಗೆದುಕೊಂಡರು.