ಉಪವಾಸ ಮುಗಿದರೂ ತೂಕ ಮರಳದಿದ್ದರೆ

ದಶಲಕ್ಷಣ ಪರ್ವದ ಉಪವಾಸದಲ್ಲಿ ಇಳಿದ ತೂಕ ಪಾರಣೆಯ ನಂತರ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮರಳುತ್ತದೆ. ಮರಳದೆ ಇಳಿಯುತ್ತಲೇ ಹೋದರೆ ವ್ರತದ ಕಾರಣವೆಂದು ಸುಮ್ಮನಿರಬಾರದು. ನಮ್ಮ ಮನೆಗಳಲ್ಲಿ, ಅದರಲ್ಲೂ ಹಿರಿಯರ ವಿಷಯದಲ್ಲಿ, ಆಗುವ ತಪ್ಪು ಇದೇ.

6ರಿಂದ 12 ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು, ಅಂದರೆ 60 ಕೆ.ಜಿ. ಇದ್ದವರು 3 ಕೆ.ಜಿ.ಗಿಂತ ಹೆಚ್ಚು ಇಳಿದರೆ ವೈದ್ಯರಿಗೆ ತೋರಿಸಬೇಕು. ಚೆನ್ನಾಗಿ ಉಂಡರೂ ಸೊರಗುತ್ತಿದ್ದರೆ ಮಧುಮೇಹ ಅಥವಾ ಥೈರಾಯ್ಡ್ ತೊಂದರೆಯಿರಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಸೇರಿದರೆ ಕ್ಷಯದ ಶಂಕೆ. ಕ್ಯಾನ್ಸರ್, ಕರುಳಿನ ಕಾಯಿಲೆ, ಖಿನ್ನತೆಯೂ ಕಾರಣವಾಗುತ್ತವೆ. ಕೆಲವೊಮ್ಮೆ ಬರೀ ಹಲ್ಲುನೋವು.

ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಕಫ ಪರೀಕ್ಷೆ, ಔಷಧ ಎರಡೂ ಉಚಿತ. ದಾಂಡೇಲಿ, ಕೋಗಿಲಬನದ ಕಡೆಯವರಿಗೆ ಹೆಚ್ಚಿನ ತಪಾಸಣೆಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ. ಹೋಗುವಾಗ ಉಪವಾಸ ಮಾಡಿದ ದಿನಗಳನ್ನೂ ಹಳೆಯ ತೂಕವನ್ನೂ ಬರೆದುಕೊಂಡು ಹೋಗಿ.